ಒಂದು ಡೌಟು, ಸಾ

ಸುತ್ತೂರಿನಲ್ಲಿ ಯಾರಾದರೂ ‘ಹೊಳೆಗೆ ಹೋಗಿದ್ದಾರೆ’ ಅಂದರೆ ಯಾವ ಹೊಳೆ ಎಂದು ಯಾರೂ ಕೇಳುವುದಿಲ್ಲ. ಕಪಿಲೆಯೇ. ‘ಮಠದಲ್ಲಿ ಊಟ’ ಅಂದರೆ ಯಾವ ಮಠವೆಂಬ ಪ್ರಶ್ನೆ ಏಳುವುದಿಲ್ಲ. ‘ಜಾತ್ರೆಗೆ ನೆಂಟರು ಬರ್ತಾರೆ’ ಅಂದರೆ ಅದು ಪುಷ್ಯಮಾಸದ ನಮ್ಮೂರ ಜಾತ್ರೆಯೇ ಹೊರತು ನಂಜನಗೂಡಿನ ತೇರಲ್ಲ. ಇಷ್ಟು ತಿಳಿದ ಊರಿನ ಹುಡುಗನಿಗೆ ಇಂಗ್ಲಿಷಿನ ‘ದಿ’ ತಲೆಗೆ ಹತ್ತುವುದಿಲ್ಲ ಎಂದು ಯಾರು ಹೇಳಿದರೂ ನಾನು ನಂಬುವುದಿಲ್ಲ. ಕೇಳುವವರಿಗೂ ಹೇಳುವವರಿಗೂ ಯಾವುದು ಎಂದು ಮೊದಲೇ ಗೊತ್ತಿದ್ದರೆ ‘ದಿ’, ಇಲ್ಲದಿದ್ದರೆ ‘ಎ’. ನಾವು ಅದನ್ನು ಹೇಳದೆಯೇ ತಿಳಿದುಕೊಳ್ಳುತ್ತೇವೆ, ಇಂಗ್ಲಿಷಿನವರು ಬಾಯಿಬಿಟ್ಟು ಹೇಳುತ್ತಾರೆ. ‘ಒಂದು ಹಸ ಬಂತು’ ಅನ್ನುವುದಕ್ಕೂ ‘ಹಸ ಬಂತು’ ಅನ್ನುವುದಕ್ಕೂ ಇರುವ ಅಂತರ ನಮ್ಮ ಮೂರು ವರ್ಷದ ಕೂಸಿಗೂ ಗೊತ್ತು. ಮೊದಲನೆಯದು ಯಾರದೋ ಹಸು, ಎರಡನೆಯದು ನಮ್ಮನೆಯದು.

ಸಂಜೆ ನಮ್ಮ ಜಗಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಎಂಟು, ಒಂಬತ್ತು, ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ, ದ್ವಿತೀಯ ಭಾಷೆ ಇಂಗ್ಲಿಷಿಗೆ 100. ಆ ನೂರರ ಭಯ ಈ ನೂರಿಪ್ಪತ್ತೈದರ ಧೈರ್ಯವನ್ನು ನುಂಗಿಬಿಡುತ್ತದೆ. ಇವರ ಅಪ್ಪ ಅಮ್ಮಂದಿರು ಐದನೇ ತರಗತಿಗೆ ಬಂದ ಮೇಲೆ ಎಬಿಸಿಡಿ ತಿದ್ದಿದವರು. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ನಾಲ್ಕು ವರ್ಷ ಮುಂಚೆ ಶುರುವಾದರೂ ಮಕ್ಕಳು ಕೇಳುವ ಪ್ರಶ್ನೆಗಳು ಬದಲಾಗಿಲ್ಲ. ‘ಒಂದು ಡೌಟು, ಸಾ’ ಎಂದು ಇವರು ತರುವ ಪ್ರಶ್ನೆಯನ್ನೇ ಇವರ ಅಪ್ಪಂದಿರೂ ತಮ್ಮ ಮೇಷ್ಟರ ಮುಂದೆ ತಂದಿದ್ದರು. ಸಿಕ್ಕ ಉತ್ತರವೂ ಹೆಚ್ಚಾಗಿ ಒಂದೇ: ‘ಇಂಗ್ಲಿಷ್‌ನಲ್ಲಿ ಅದು ಹಾಗೇ, ಬಾಯಿಪಾಠ ಮಾಡು.’ ಅದರ ಜೊತೆಗೆ ಇನ್ನೊಂದು ಮಾತು: ‘ಕನ್ನಡದಲ್ಲಿ ಯೋಚಿಸಬೇಡ, ಇಂಗ್ಲಿಷಿನಲ್ಲೇ ಯೋಚಿಸು.’ ಇಂಗ್ಲಿಷ್ ಇನ್ನೂ ಬಾರದ ಮಗು ಇಂಗ್ಲಿಷಿನಲ್ಲಿ ಯೋಚಿಸುವುದು ಹೇಗೆ? ನನಗೆ ಈ ಮಾತಿನ ಮೇಲೆ ನಿಜವಾಗಿ ಸಿಟ್ಟಿದೆ. ಮಕ್ಕಳ ಬಹುಪಾಲು ಡೌಟುಗಳಿಗೆ ಉತ್ತರ ಅವರ ಕನ್ನಡದಲ್ಲೇ ಇದೆ. ಅದನ್ನು ಅವರ ಕೈಯಿಂದಲೇ ತೆಗೆಸಬೇಕು.

‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬುದನ್ನೇ ನೋಡಿ. ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳ ಮುಂದೆ ‘ಆ್ಯನ್’ ಬರುತ್ತದೆ ಎಂದು ಕಲಿತ ಹುಡುಗಿಯೊಬ್ಬಳು ‘ಆ್ಯನ್ ಯೂನಿವರ್ಸಿಟಿ’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಂಡು ಬಂದಳು. ‘ಯು ಸ್ವರ ತಾನೆ ಸಾ? ತಪ್ಪು ಹೆಂಗಾಯ್ತು?’ ಆ ಪದವನ್ನು ಕನ್ನಡ ಅಕ್ಷರದಲ್ಲಿ ಬರಿ ಅಂದೆ. ‘ಯೂನಿವರ್ಸಿಟಿ’ ಎಂದು ಬರೆದಳು. ಮೊದಲ ಅಕ್ಷರ ಯಾವುದು? ‘ಯ, ಸಾ.’ ಸ್ವರವೋ ವ್ಯಂಜನವೋ? ‘ವ್ಯಂಜನ’ ಅನ್ನುವಷ್ಟರಲ್ಲಿ ಮುಖ ಅರಳಿತು. ಆಮೇಲೆ ತಾನೇ ಒಂದೊಂದಾಗಿ ಬರೆಯತೊಡಗಿದಳು. ‘ಅವರ್’ — ಅ ಸ್ವರ, ‘ಆ್ಯನ್ ಅವರ್’. ‘ಎಂಎಲ್ಎ’ — ಎ ಸ್ವರ, ‘ಆ್ಯನ್ ಎಂಎಲ್ಎ’. ‘ವನ್ ರುಪೀ ನೋಟ್’ — ವ ವ್ಯಂಜನ, ‘ಎ ವನ್ ರುಪೀ ನೋಟ್’. ಇಂಗ್ಲಿಷಿನ ಕಾಗುಣಿತ ಮುಚ್ಚಿಡುವ ಉಚ್ಚಾರವನ್ನು ನಮ್ಮ ವರ್ಣಮಾಲೆ ಮೊದಲ ಅಕ್ಷರದಲ್ಲೇ ತೋರಿಸುತ್ತದೆ. ಸ್ವರ, ವ್ಯಂಜನ ಬೇರ್ಪಡಿಸಿ ಕಲಿತ ಮಗುವಿಗೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೊಂದು ಎಚ್ಚರಿಕೆ ಮಾತ್ರ ಬೇಕು. ಇಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’. ಹಾಗೆ ಹೌಸ್ ‘ಔಸ್’ ಆದರೆ ಅದರ ಹಿಂದೆಯೇ ‘ಆ್ಯನ್ ಔಸ್’ ಬರುತ್ತದೆ. ಎಗ್ಗಿಗೆ ‘ಯೆಗ್ಗು’ ಅನ್ನುವ ನಾಲಿಗೆ ‘ಎ ಯೆಗ್’ ಎಂದು ಬರೆಸುತ್ತದೆ. ಗಮನಿಸಿದರೆ ಮಗು ನಿಯಮವನ್ನು ಸರಿಯಾಗಿಯೇ ಪಾಲಿಸಿದೆ; ಉಚ್ಚಾರ ಮಾತ್ರ ಊರಿನದು. ಲಂಡನ್ನಿನ ಕಾಕ್ನಿ ಮಾತಿನಲ್ಲೂ ಹೌಸ್ ‘ಔಸ್’ ಆಗುತ್ತದೆ ಎಂದು ಹೇಳಿದಾಗ ನಮ್ಮ ಮಕ್ಕಳಿಗೆ ಆದ ಸಂತೋಷವನ್ನು ನೀವು ನೋಡಬೇಕಿತ್ತು. ತಮ್ಮ ಮಾತು ಒರಟು ಎಂದು ಅಲ್ಲಿಯವರೆಗೆ ಅವರಿಗೆ ಯಾರೋ ಹೇಳಿಟ್ಟಿದ್ದರು.

ಇನ್ನು ‘ಐ ಡಿಡ್ ನಾಟ್ ವೆಂಟ್’. ಇದು ಎಲ್ಲ ತರಗತಿಯಲ್ಲೂ ಇದೆ, ಎಲ್ಲ ಊರಿನಲ್ಲೂ ಇದೆ. ಹೋದದ್ದು ನಿನ್ನೆ ತಾನೆ, ಹಾಗಾದರೆ ‘ವೆಂಟ್’ ಯಾಕೆ ಬೇಡ ಎಂಬುದು ಮಗುವಿನ ವಾದ. ಒಳ್ಳೆಯ ವಾದ. ನಾನು ಕೇಳುತ್ತೇನೆ: ‘ನಿನ್ನೆ ಸ್ಕೂಲಿಗೆ ಹೋದೆ. ಇದನ್ನೇ ಇಲ್ಲ ಅಂತ ಹೇಳು.’ ‘ಹೋಗ್ಲಿಲ್ಲ.’ ‘ಹೋದೆ ಅಂತ ಇತ್ತಲ್ಲ, ಹೋದಲಿಲ್ಲ ಅಂತ ಯಾಕೆ ಹೇಳಲಿಲ್ಲ?’ ಎಲ್ಲರೂ ನಗುತ್ತಾರೆ. ನಗು ನಿಲ್ಲುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ‘ಇಲ್ಲ’ ಬಂದೊಡನೆ ನಮ್ಮ ಕ್ರಿಯಾಪದ ತನ್ನ ಭೂತಕಾಲವನ್ನು ಕಳಚಿಟ್ಟು ‘ಹೋಗು’ ಎಂಬ ಮೂಲಕ್ಕೆ ಮರಳುತ್ತದೆ. ‘ಡಿಡ್ ನಾಟ್’ ಬಂದೊಡನೆ ‘ವೆಂಟ್’ ಕೂಡ ‘ಗೋ’ಗೆ ಮರಳುತ್ತದೆ. ಇಷ್ಟು ದೂರದ ಎರಡು ಭಾಷೆಗಳು ಇಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತವೆ ಎಂಬುದು ನನಗೆ ಈಗಲೂ ಬೆರಗು ತರುವ ಸಂಗತಿ.

ಇದೇ ಜಾಡಿನಲ್ಲಿ ಇನ್ನೊಂದು ಹೆಜ್ಜೆ ಇಡಬಹುದು. ‘ರಾತ್ರಿ ಉಣ್ಣಲಿಲ್ಲ’ ಬೇರೆ, ‘ಉಂಡಿಲ್ಲ’ ಬೇರೆ. ಮೊದಲನೆಯದು ಕಳೆದುಹೋದ ರಾತ್ರಿಯ ಸಮಾಚಾರ. ಎರಡನೆಯದು ಈ ಗಳಿಗೆಯ ಹಸಿವು. ಕೇಳಿದ ತಾಯಿ ತಟ್ಟೆ ತೆಗೆದುಕೊಂಡು ಬರುತ್ತಾಳೆ. ‘ಡಿಡ್ ನಾಟ್ ಈಟ್’ ಮತ್ತು ‘ಹ್ಯಾವ್ ನಾಟ್ ಈಟನ್’ ನಡುವೆ ಇರುವುದು ಇದೇ ಅಂತರ. ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರು ಕೇಳಿದರೆ ಬೆವರುವ ಮಗು ಅದನ್ನು ದಿನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಆಡುತ್ತಿರುತ್ತದೆ. ಎರಡೂ ಭಾಷೆಯಲ್ಲಿ ಗೆರೆ ಎಲ್ಲ ಕಡೆ ಒಂದೇ ಜಾಗದಲ್ಲಿ ಬೀಳುವುದಿಲ್ಲ, ನಿಜ. ‘ಬಸ್ಸು ಇನ್ನೂ ಬರ್ಲಿಲ್ಲ’ ಅಂತಲೂ ನಾವು ಹೇಳುತ್ತೇವೆ. ಅಲ್ಲಿ ಇಂಗ್ಲಿಷಿಗೆ ‘ಹ್ಯಾಸ್ ನಾಟ್ ಕಮ್’ ಬೇಕು. ಅದನ್ನೂ ಮಗುವಿಗೆ ಹೇಳಬೇಕು. ಎರಡು ಗೆರೆ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ನೋಡುವುದೇ ಕಲಿಕೆ.

ಅಗಲುವ ಒಂದು ಜಾಗ ನಮ್ಮಲ್ಲಿ ಓದಿದವರನ್ನೂ ಬಿಟ್ಟಿಲ್ಲ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್ಡೇ’ ಎಂದು ಬೆಂಗಳೂರಿನ ಕಚೇರಿಗಳ ಪತ್ರಗಳಲ್ಲೂ ಬರೆಯುತ್ತಾರೆ. ಕನ್ನಡದ ‘ಹೋಗಿದ್ದೆ’ಯಲ್ಲಿ ಹೋಗಿ ವಾಪಸು ಬಂದೆ ಎಂಬ ಅರ್ಥ ಅಡಗಿದೆ. ಸೊಗಸಾದ ಅರ್ಥ, ಇಂಗ್ಲಿಷಿನ ‘ಹ್ಯಾಡ್ ಗಾನ್’ಗೆ ಅದನ್ನು ಹೊರುವ ಶಕ್ತಿಯಿಲ್ಲ. ಅಲ್ಲಿ ‘ಐ ವೆಂಟ್’ ಅಂದರೆ ಮುಗಿಯಿತು. ‘ಹ್ಯಾಡ್ ಗಾನ್’ ಬೇಕಾದರೆ ಆಮೇಲೆ ನಡೆದ ಇನ್ನೊಂದು ಸಂಗತಿ ಎದುರಿಗಿರಬೇಕು: ನಾನು ನಿಲ್ದಾಣಕ್ಕೆ ಬರುವಷ್ಟರಲ್ಲಿ ನಂಜನಗೂಡಿನ ಬಸ್ಸು ಹೋಗಿತ್ತು. ಬಸ್ಸು ಹೋದದ್ದು ಮೊದಲು, ನಾನು ಬಂದದ್ದು ಆಮೇಲೆ. ಈ ಅನುಭವ ನಮ್ಮೂರಿನಲ್ಲಿ ಎಲ್ಲರಿಗೂ ಇರುವುದರಿಂದ ಉದಾಹರಣೆ ಬೇಗ ಹತ್ತುತ್ತದೆ.

‘ಸಿನ್ಸ್’ ಮತ್ತು ‘ಫಾರ್’ ಗೊಂದಲಕ್ಕೆ ಕಾರಣ ನಮ್ಮ ‘ಇಂದ’. 1954ರಿಂದ ನಮ್ಮ ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ ನಡೆಯುತ್ತಿದೆ, ಎಪ್ಪತ್ತಕ್ಕೂ ಹೆಚ್ಚು ವರ್ಷದಿಂದ ನಡೆಯುತ್ತಿದೆ — ಎರಡಕ್ಕೂ ಅದೇ ಪ್ರತ್ಯಯ. ಆದರೆ ಪ್ರಶ್ನೆ ಕೇಳುವಾಗ ಕನ್ನಡವೂ ಇವೆರಡನ್ನು ಬೇರೆ ಮಾಡುತ್ತದೆ. ‘ಯಾವಾಗ್ಲಿಂದ?’ ಎಂದು ಕೇಳಿದರೆ 1954 ಉತ್ತರ, ಅಲ್ಲಿ ‘ಸಿನ್ಸ್’. ‘ಎಷ್ಟು ವರ್ಷದಿಂದ?’ ಎಂದು ಕೇಳಿದರೆ ಎಪ್ಪತ್ತಕ್ಕೂ ಹೆಚ್ಚು ಎಂಬುದು ಉತ್ತರ, ಅಲ್ಲಿ ‘ಫಾರ್’. ಮನಸ್ಸಿನಲ್ಲೇ ಈ ಪ್ರಶ್ನೆ ಕೇಳಿಕೊಂಡು ಬರೆಯುವ ಮಗು ಇಲ್ಲಿ ಎಡವಿದ್ದನ್ನು ನಾನು ಕಂಡಿಲ್ಲ.

‘ಪುಟ್’ ಎಂಬ ಪದಕ್ಕೆ ನಮ್ಮ ಮಕ್ಕಳು ಕೊಡುವಷ್ಟು ಕೆಲಸವನ್ನು ಬೇರೆ ಯಾರೂ ಕೊಡಲಾರರು. ಬೀಗ ಹಾಕು, ಫ್ಯಾನು ಹಾಕು, ಓಟು ಹಾಕು, ರಂಗೋಲಿ ಹಾಕು, ದನಕ್ಕೆ ಹುಲ್ಲು ಹಾಕು. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಬೇರೆ ಕ್ರಿಯಾಪದ. ‘ನೋಡು’ ಎಂಬುದಕ್ಕೂ ಮೂರು: ಕಣ್ಣಿಗೆ ಬಿದ್ದರೆ ‘ಸೀ’, ಬೇಕೆಂದು ಕಣ್ಣು ಹಾಯಿಸಿದರೆ ‘ಲುಕ್’, ಕುಸ್ತಿಯನ್ನೋ ಟಿವಿಯನ್ನೋ ಕೂತು ನೋಡಿದರೆ ‘ವಾಚ್’. ಇದನ್ನು ಕೇಳಿ ‘ಇಂಗ್ಲಿಷ್‌ನೋರ ಹತ್ರ ಎಷ್ಟೊಂದ್ ಪದ ಇವೆ ಸಾ’ ಎಂದು ಒಬ್ಬ ಹುಡುಗ ಸೋತ ದನಿಯಲ್ಲಿ ಹೇಳಿದ. ಆಗ ನಾನು ಅವನ ಅಜ್ಜಿಯನ್ನು ನೆನಪಿಸಿಕೊಳ್ಳಲು ಹೇಳಿದೆ. ಅಜ್ಜಿ ಸೀರೆ ಉಡುತ್ತಾರೆ, ಒಡವೆ ತೊಡುತ್ತಾರೆ, ಹೂ ಮುಡಿಯುತ್ತಾರೆ, ಕುಂಕುಮ ಇಡುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಈ ಐದಕ್ಕೂ ಇಂಗ್ಲಿಷಿನಲ್ಲಿ ‘ವೇರ್’ ಒಂದೇ ಸಾಕು. ಇಂಗ್ಲೆಂಡಿನ ಹುಡುಗ ಸುತ್ತೂರಿಗೆ ಬಂದು ಕನ್ನಡ ಕಲಿತರೆ ಹೂ ಉಡಿಸಿ ಸೀರೆ ಮುಡಿಸುತ್ತಾನೆ. ಯಾವ ಭಾಷೆ ಎಲ್ಲಿ ಕೈಬಿಚ್ಚುತ್ತದೆ, ಎಲ್ಲಿ ಹಿಡಿಯುತ್ತದೆ ಎಂಬುದು ಆ ಜನರ ರೂಢಿಗೆ ಬಿಟ್ಟದ್ದು. ಆದ್ದರಿಂದ ಪದವನ್ನು ಒಂಟಿಯಾಗಿ ಕಲಿಯದೆ ಅದರ ಜೋಡಿಯ ಸಮೇತ ಕಲಿಯಬೇಕು.

ಹೌದು, ಇಲ್ಲ ಎಂಬ ಎರಡು ಮಾತಿನ ಬಗ್ಗೆ ಮಕ್ಕಳು ತಾವಾಗಿ ಡೌಟು ಕೇಳುವುದಿಲ್ಲ. ಅದರಲ್ಲಿ ಕೇಳುವುದಕ್ಕೇನಿದೆ ಎಂದೇ ಎಲ್ಲರ ಭಾವನೆ. ನಷ್ಟವಾಗುವುದು ಅಲ್ಲೇ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋದ ನಮ್ಮ ಬೀದಿಯ ಹುಡುಗನನ್ನು ‘ಡೋಂಟ್ ಯು ಹ್ಯಾವ್ ಎ ಸರ್ಟಿಫಿಕೇಟ್?’ ಎಂದು ಕೇಳಿದರಂತೆ. ‘ಸರ್ಟಿಫಿಕೇಟ್ ಇಲ್ವಾ?’ ಎಂದು ಕನ್ನಡದಲ್ಲಿ ಕೇಳಿದ್ದರೆ ‘ಇಲ್ಲ ಸಾರ್, ಇದೆ’ ಎನ್ನುತ್ತಿದ್ದ. ಹಾಗೆಯೇ ‘ನೋ ಸರ್, ಐ ಹ್ಯಾವ್’ ಎಂದ. ಅವರು ‘ನೋ’ ಕೇಳಿ ಮುಂದಿನ ಪ್ರಶ್ನೆಗೆ ಹೋದರು. ಕನ್ನಡದಲ್ಲಿ ನಾವು ಕೇಳಿದವರ ಊಹೆಗೆ ಉತ್ತರಿಸುತ್ತೇವೆ: ನಿಮ್ಮ ಊಹೆ ಸರಿ ಅಥವಾ ಸರಿಯಲ್ಲ. ಇಂಗ್ಲಿಷಿನಲ್ಲಿ ಸಂಗತಿಗೆ ಮಾತ್ರ ಉತ್ತರ: ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’, ಪ್ರಶ್ನೆ ಯಾವ ರೂಪದಲ್ಲಿದ್ದರೂ ಸರಿ. ಜಪಾನೀಯರೂ ಚೀನೀಯರೂ ನಮ್ಮ ಹಾಗೆಯೇ ಉತ್ತರಿಸುವವರು, ಅವರಿಗೂ ಇಂಗ್ಲಿಷಿನಲ್ಲಿ ಇದೇ ತೊಡಕು. ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು. ಆ ಹುಡುಗನಿಗೆ ಹನ್ನೆರಡು ವರ್ಷದ ಓದಿನಲ್ಲಿ ಆ ಹತ್ತು ನಿಮಿಷ ಯಾರೂ ಕೊಟ್ಟಿರಲಿಲ್ಲ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿದಿರುವ ಡೌಟು ಜಾತ್ರೆಯದು. ಒಂಬತ್ತನೇ ತರಗತಿಯ ಹುಡುಗಿ ಸುತ್ತೂರು ಜಾತ್ರೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು. ರಥೋತ್ಸವ, ತೆಪ್ಪೋತ್ಸವ, ಕುಸ್ತಿ, ಭಜನಾ ಮೇಳ, ಸಾಮೂಹಿಕ ವಿವಾಹ, ದನಗಳ ಜಾತ್ರೆ, ಒಂದನ್ನೂ ಬಿಟ್ಟಿರಲಿಲ್ಲ. ನಡುವೆ ಒಂದು ಕಡೆ ‘ಸ್ವಾಮೀಜಿ ಕೇಮ್. ದೇ ಗೇವ್ ಪ್ರೈಸಸ್’ ಎಂದಿತ್ತು. ‘ದೇ’ ಸುತ್ತ ದೊಡ್ಡ ಕೆಂಪು ವೃತ್ತ. ‘ಒಬ್ರೇ ಬಂದಿದ್ದು ಅಂತ ನಂಗೂ ಗೊತ್ತು ಸಾ. ಆದ್ರೆ ಹೀ ಅಂದ್ರೆ ಅವ್ನು ಅಲ್ವಾ? ಬುದ್ದಿಯವ್ರನ್ನ ಅವ್ನು ಅಂತ ಹೆಂಗ್ ಸಾ ಬರಿಯದು?’

ಆ ವೃತ್ತ ಹಾಕಿದವರಿಗೆ ಈ ಪ್ರಶ್ನೆ ಕೇಳಿಸಬೇಕಿತ್ತು ಎನಿಸಿತು. ಅವಳು ವಚನ ತಿಳಿಯದೆ ಬರೆದದ್ದಲ್ಲ. ಮರ್ಯಾದೆ ಬಿಡಲಾರದೆ ಬರೆದದ್ದು. ಗುರುಗಳನ್ನು ‘ಬುದ್ದಿ’ ಎಂದು ಕರೆದು ಕೈಮುಗಿಯುವ ಮನೆಯಲ್ಲಿ ಬೆಳೆದ ಮಗು ಬೇರೇನು ಬರೆದೀತು? ಅವಳಿಗೆ ಹೇಳಿದೆ: ‘ಹೀ’ ಅಂದರೆ ‘ಅವನು’ ಅಲ್ಲವಮ್ಮ. ನಮ್ಮ ‘ಅವನು’ವಿನೊಳಗೆ ಸಲುಗೆಯೂ ಇದೆ, ಕೆಲವೊಮ್ಮೆ ತಾತ್ಸಾರವೂ ಇದೆ. ‘ಹೀ’ಯಲ್ಲಿ ಅದೆರಡೂ ಇಲ್ಲ. ಅಲ್ಲಿಯ ರಾಜನಿಗೂ ಅವನ ಮನೆಯ ಕಾವಲುಗಾರನಿಗೂ ಅದೇ ‘ಹೀ’. ಇಂಗ್ಲಿಷಿನವರು ಗೌರವವನ್ನು ಸರ್ವನಾಮದಲ್ಲಿ ಇಡದೆ ಬೇರೆ ಕಡೆ ಇಡುತ್ತಾರೆ. ಹೆಸರಿನ ಮುಂದೆ ‘ಹಿಸ್ ಹೋಲಿನೆಸ್’ ಎಂದು ಸೇರಿಸುತ್ತಾರೆ, ಕೇಳುವಾಗ ‘ಕುಡ್ ಯು’, ‘ವುಡ್ ಯು’ ಎಂದು ದನಿ ಇಳಿಸುತ್ತಾರೆ. ನಿನಗೆ ‘ಹೀ’ ಬರೆಯಲು ಮನಸ್ಸು ಬಾರದಿದ್ದರೆ ‘ಸ್ವಾಮೀಜಿ’ ಎಂದೇ ಮತ್ತೊಮ್ಮೆ ಬರಿ, ತಪ್ಪಿಲ್ಲ.

ಅವಳು ಒಪ್ಪಿದಳು, ಆದರೆ ಬಿಡಲಿಲ್ಲ. ‘ಹಂಗಾರೆ ನೀನು, ನೀವು ಎರಡಕ್ಕೂ ಯು ಅಂತಾರಲ್ಲ, ಅದ್ಯಾಕೆ?’ ಇದರ ಕಥೆ ನನಗೆ ಬಹಳ ಪ್ರಿಯವಾದದ್ದು. ಹಿಂದೆ ಇಂಗ್ಲಿಷಿನಲ್ಲೂ ಎರಡು ಇದ್ದವು. ಸಲುಗೆಗೂ ಕಿರಿಯರಿಗೂ ‘ದೌ’, ಹಲವರಿಗೂ ಹಿರಿಯರಿಗೂ ‘ಯು’. ಶೇಕ್ಸ್‌ಪಿಯರನ ನಾಟಕಗಳಲ್ಲಿ ಎರಡೂ ಸಿಗುತ್ತವೆ. ಕಾಲಕ್ರಮದಲ್ಲಿ ಅವರು ‘ದೌ’ ಬಿಟ್ಟರು. ಉಳಿದದ್ದು ‘ನೀವು’. ಒಬ್ಬರಿಗೇ ಹೇಳುವಾಗಲೂ ‘ಯು ಆರ್’ ಎಂದು ಬಹುವಚನದ ‘ಆರ್’ ಬರುವುದು ಅದಕ್ಕೇ. ನಾವೂ ಒಬ್ಬ ಹಿರಿಯರಿಗೆ ‘ನೀವು ಬಂದಿರಿ’ ಎಂದು ಬಹುವಚನದ ಕ್ರಿಯಾಪದವನ್ನೇ ಹಚ್ಚುತ್ತೇವಲ್ಲ. ಎಲ್ಲರಿಗೂ ‘ನೀವು’ ಅಂತಾರಾ, ನಾಯಿಗೂ ಅಂತಾರಾ ಎಂದು ಪಕ್ಕದ ಹುಡುಗ ಕೇಳಿದ. ನಾಯಿಗೂ ಅಂತಾರೆ ಎಂದೆ. ‘ಐ ಆಮ್, ಯು ಆರ್, ಹೀ ಈಸ್’ ಎಂದು ವರ್ಷಗಟ್ಟಲೆ ರಾಗವಾಗಿ ಹಾಡಿದ್ದ ಮಕ್ಕಳಿಗೆ ‘ಆರ್’ ಅಲ್ಲಿ ಏಕೆ ಬಂತೆಂದು ಅವತ್ತು ತಿಳಿಯಿತು.

ಕನ್ನಡ ವ್ಯಾಕರಣವನ್ನು ನಾವು ಶಾಲೆಯಲ್ಲಿ ಕಲಿಸುತ್ತೇವೆ: ಸಂಧಿ, ಸಮಾಸ, ವಿಭಕ್ತಿ, ಛಂದಸ್ಸು. ಅದು ಬೇಕು. ಆದರೆ ‘ಹೋಗಲಿಲ್ಲ’ಕ್ಕೂ ‘ಹೋಗಿಲ್ಲ’ಕ್ಕೂ ಏನು ಅಂತರ, ‘ಪುಸ್ತಕ ಓದಿದೆ’ಗೂ ‘ಪುಸ್ತಕವನ್ನು ಓದಿದೆ’ಗೂ ಏನು ಅಂತರ ಎಂಬ, ಮಗು ದಿನವೂ ಆಡುವ ಮಾತಿನ ಲೆಕ್ಕ ಅಷ್ಟಾಗಿ ಬರುವುದಿಲ್ಲ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಿಂದ ಬಿಡಿಸಿ ಕನ್ನಡದ ಜಾಯಮಾನದಲ್ಲೇ ನೋಡಬೇಕೆಂದು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದರು. ಅವರ ಎಲ್ಲ ಮಾತನ್ನೂ ಒಪ್ಪದವರೂ ಈ ಒಂದು ಮಾತನ್ನು ಒಪ್ಪಬಹುದು: ತನ್ನ ಭಾಷೆ ಹೇಗೆ ನಡೆಯುತ್ತದೆಂದು ಕಂಡುಕೊಂಡ ಮಗುವಿಗೆ ಬೇರೆ ಭಾಷೆಯ ನಡೆ ಬೇಗ ಕಾಣುತ್ತದೆ. ಕಿಟೆಲ್ ಅವರನ್ನೇ ನೋಡಿ. ಮನೆಮಾತು ಜರ್ಮನ್, ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ, ಶೋಧಿಸಿದ್ದು ಕನ್ನಡವನ್ನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟನ್ನು ನಾವು ಇವತ್ತಿಗೂ ತೆರೆಯುತ್ತೇವೆ. ನಮ್ಮ ಬಿ. ಎಂ. ಶ್ರೀಯವರು ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡಕ್ಕೆ ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಒಂದು ಭಾಷೆಯನ್ನು ಮರೆತು ಇನ್ನೊಂದನ್ನು ಕಲಿತವರಲ್ಲ ಇವರು.

ಎಲ್ಲ ಡೌಟಿಗೂ ಕನ್ನಡದಲ್ಲಿ ಉತ್ತರ ಸಿಗುತ್ತದೆ ಎಂದು ನಾನು ಹೇಳಲಾರೆ. ‘ಇನ್ ದ ಮಾರ್ನಿಂಗ್’ ಆದರೆ ‘ಅಟ್ ನೈಟ್’, ಸೋಮವಾರಕ್ಕೆ ‘ಆನ್’, ಜನವರಿಗೆ ‘ಇನ್’. ನಮ್ಮಲ್ಲಿ ಬೆಳಗ್ಗೆ, ರಾತ್ರಿ, ಸೋಮವಾರ ಅಂದರೆ ಸಾಕು. ಇವನ್ನು ಬಾಯಿಪಾಠ ಮಾಡಲೇಬೇಕು, ಮಾಡಿಸುತ್ತೇನೆ ಕೂಡ. ನದಿಯ ಹೆಸರಿನ ಮುಂದೆ ‘ದಿ’ ಬರುತ್ತದೆ, ಊರಿನ ಹೆಸರಿನ ಮುಂದೆ ಬರುವುದಿಲ್ಲ. ಇದಕ್ಕೂ ನನ್ನಲ್ಲಿ ಕಾರಣವಿಲ್ಲ, ವಾಕ್ಯವಿದೆ: ‘ದ ಕಪಿಲಾ ಜಾಯಿನ್ಸ್ ದ ಕಾವೇರಿ ಅಟ್ ಟಿ. ನರಸೀಪುರ.’ ಗುಂಜಾ ನರಸಿಂಹನ ಸನ್ನಿಧಿಯಲ್ಲಿ ಎರಡು ಹೊಳೆ ಕೂಡುವುದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಈ ವಾಕ್ಯ ಮರೆಯುವುದಿಲ್ಲ. ಸದಾ ನಡೆಯುವ ಸಂಗತಿಗೆ ‘ಈಸ್ ಜಾಯಿನಿಂಗ್’ ಬೇಡ, ‘ಜಾಯಿನ್ಸ್’ ಸಾಕು ಎಂಬುದೂ ಇದರಲ್ಲೇ ಬಂತು. ‘ಸೇರ್ತದೆ’, ‘ಸೇರ್ತಾ ಇದೆ’ ಎಂದು ನಮಗೂ ಎರಡಿದೆ ತಾನೆ.

ಮನೆಯಲ್ಲಿ ಇಂಗ್ಲಿಷ್ ಕಲಿಯುವ ಮಗುವಿದ್ದರೆ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮಗೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ. ಮಗು ತಪ್ಪು ವಾಕ್ಯ ತಂದರೆ ‘ಇದನ್ನೇ ಮನೇಲಿ ಹೇಗೆ ಹೇಳ್ತೀಯ?’ ಎಂದು ಕೇಳಿ, ಅದನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆಸಿ. ಮಾರನೆಯ ದಿನ ಮೇಷ್ಟರಿಗೆ ಎರಡು ವಾಕ್ಯವನ್ನೂ ತೋರಿಸಲು ಹೇಳಿ ಕಳಿಸಿ. ಮೇಷ್ಟರೇ, ಮೇಡಂ, ನಿಮ್ಮಲ್ಲೂ ಕೇಳಿಕೊಳ್ಳುತ್ತೇನೆ: ಕೆಂಪು ವೃತ್ತ ಹಾಕುವ ಮೊದಲು ಯಾಕೆ ಹೀಗೆ ಬರೆದೆ ಎಂದು ಒಮ್ಮೆ ಮಗುವನ್ನೇ ಕೇಳಿ ನೋಡಿ.